ತಿರುವಿನಲ್ಲಿ ಏದುಸಿರು ಬಿಡುವ ವಿಮಾನ: ತಪ್ಪು ಎಂಜಿನ್‌ದೋ, ಕೈಯದೋ?

ದೂರಿನ ಪುಸ್ತಕದಲ್ಲಿ ಒಂದೇ ಸಾಲು: "ತಿರುವಿನಲ್ಲಿ ಪವರ್ ಸಾಲುತ್ತಿಲ್ಲ." ಅಷ್ಟು ಬರೆದು ಪೈಲಟ್ ಮನೆಗೆ ಹೋಗಿದ್ದಾರೆ. ಬೆಳಗ್ಗೆ ಮೆಕ್ಯಾನಿಕ್ ಬಂದು ಎಂಜಿನ್ ಮುಚ್ಚುವ ತಗಡು, ಅಂದರೆ ಕೌಲಿಂಗ್, ಬಿಚ್ಚುತ್ತಾನೆ. ಸ್ಪಾರ್ಕ್ ಪ್ಲಗ್ ನೋಡುತ್ತಾನೆ, ಕಂಪ್ರೆಶನ್ ಅಳೆಯುತ್ತಾನೆ, ಎಲ್ಲ ಸರಿ ಇದೆ ಅಂತ ಮುಚ್ಚುತ್ತಾನೆ. ವಾರ ಬಿಟ್ಟು ಅದೇ ವಿಮಾನ, ಅದೇ ಸಾಲು.

ನಾನು ಹಾರಿಸುತ್ತಿದ್ದ ಒಂದು ವಿಮಾನದ ಮೇಲೆ ಹೀಗೆ ಮೂರು ಸಲ ದೂರು ಬಂತು. ಮೂರನೇ ಸಲ ಬರೆದವನು ನಾನೇ. ಕೊನೆಗೆ ಸಿಕ್ಕಿದ ದೋಷ ಬೆರಳಷ್ಟು ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ. ಅಷ್ಟು ತಡವಾಗಿದ್ದಕ್ಕೆ ಕಾರಣ ಒಂದೇ: ನಾವೆಲ್ಲ ತಿರುವಿನಲ್ಲೇ ದೋಷ ಹುಡುಕುತ್ತಿದ್ದೆವು. ಪವರ್ ಕಮ್ಮಿಯಾದದ್ದು ಮೊದಲು ಕಣ್ಣಿಗೆ ಬೀಳುವುದು ತಿರುವಿನಲ್ಲಿ, ನಿಜ. ಆದರೆ ಯಾಕೆ ಕಮ್ಮಿಯಾಯಿತು ಅನ್ನುವುದನ್ನು ತಿರುವು ಹೇಳುವುದಿಲ್ಲ.

ತಿರುವು ಎಂಜಿನ್‌ನಿಂದ ಎಷ್ಟು ಕೇಳುತ್ತದೆ?

ವಿಮಾನ ಓರೆಯಾದಾಗ ರೆಕ್ಕೆಯ ಲಿಫ್ಟ್, ಅಂದರೆ ಮೇಲೆತ್ತುವ ಬಲ, ಕೂಡ ಓರೆಯಾಗುತ್ತದೆ. ಅದರಲ್ಲಿ ಒಂದು ಪಾಲು ವಿಮಾನವನ್ನು ಪಕ್ಕಕ್ಕೆ ಎಳೆದು ತಿರುಗಿಸುತ್ತದೆ. ಉಳಿದ ಪಾಲು ಮಾತ್ರ ತೂಕ ಹೊರುತ್ತದೆ. ಎತ್ತರ ಉಳಿಯಬೇಕಾದರೆ ಒಟ್ಟು ಲಿಫ್ಟ್ ಜಾಸ್ತಿಯಾಗಲೇಬೇಕು. 30 ಡಿಗ್ರಿ ಓರೆಗೆ ತೂಕದ 1.15 ಪಟ್ಟು, 45ಕ್ಕೆ 1.41, 60ಕ್ಕೆ 2 ಪಟ್ಟು.

ಲಿಫ್ಟ್ ಪುಕ್ಕಟೆ ಬರುವುದಿಲ್ಲ. ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ಬಲಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಲಿಫ್ಟ್ ಜೊತೆ ಹುಟ್ಟುವ ಡ್ರ್ಯಾಗ್, ಅಂದರೆ ಇಂಡ್ಯೂಸ್ಡ್ ಡ್ರ್ಯಾಗ್, ಲಿಫ್ಟ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದೇ ವೇಗದಲ್ಲಿ 45 ಡಿಗ್ರಿಗೆ ಅದು ಎರಡು ಪಟ್ಟು, 60ಕ್ಕೆ ನಾಲ್ಕು ಪಟ್ಟು. ಈ ಡ್ರ್ಯಾಗ್ ಮೀರಿ ವೇಗ ಉಳಿಸುವ ಕೆಲಸ ಎಂಜಿನ್ ಮತ್ತು ಪ್ರೊಪೆಲ್ಲರ್‌ದು.

ಲೆಕ್ಕಕ್ಕೆ ಒಂದು ವಿಮಾನ ಇಟ್ಟುಕೊಳ್ಳೋಣ. ತೂಕ 1100 ಕೆಜಿ, ಎಂಜಿನ್ 180 ಎಚ್‌ಪಿ, ನೇರ ಹಾರಾಟದಲ್ಲಿ ಸ್ಟಾಲ್ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು) 50 ನಾಟ್. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ. ಎಂಜಿನ್ ಬಂದಾದರೆ 70 ನಾಟ್‌ನಲ್ಲಿ ಅತಿ ದೂರ ತೇಲುತ್ತದೆ, ಆಗ 9 ಅಡಿ ಮುಂದೆ ಹೋದರೆ 1 ಅಡಿ ಇಳಿಯುತ್ತದೆ. ಎಂಜಿನ್ ಕೊಟ್ಟ ಪವರ್‌ನಲ್ಲಿ ಮುಕ್ಕಾಲು ಪಾಲನ್ನು ಪ್ರೊಪೆಲ್ಲರ್ ತಳ್ಳುವ ಬಲವಾಗಿ ಬದಲಾಯಿಸುತ್ತದೆ ಅಂತ ಇಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ, 90 ನಾಟ್ ವೇಗದಲ್ಲಿ, ಎತ್ತರ ಬಿಡದೆ ಹಾರಲು ಎಂಜಿನ್ ಕೊಡಬೇಕಾದದ್ದು ಹೆಚ್ಚುಕಮ್ಮಿ ಇಷ್ಟು:

ನೇರ ಹಾರಾಟ: 112 ಎಚ್‌ಪಿ
30 ಡಿಗ್ರಿ: 122 ಎಚ್‌ಪಿ
45 ಡಿಗ್ರಿ: 142 ಎಚ್‌ಪಿ
60 ಡಿಗ್ರಿ: 202 ಎಚ್‌ಪಿ

ಕೊನೆಯ ಸಾಲು ನೋಡಿ. ಎಂಜಿನ್ ಇರುವುದೇ 180. ಅಂದರೆ ಎಂಜಿನ್ ಹೊಸದಾಗಿದ್ದರೂ ಈ ವಿಮಾನ 60 ಡಿಗ್ರಿಯಲ್ಲಿ 90 ನಾಟ್ ಉಳಿಸಿಕೊಂಡು ಎತ್ತರ ಹಿಡಿಯಲಾರದು. 60 ಡಿಗ್ರಿ ಮಾಡಿ "ಪವರ್ ಸಾಲುತ್ತಿಲ್ಲ" ಅಂತ ಬರೆದರೆ ಅದು ದೂರಲ್ಲ, ಭೌತಶಾಸ್ತ್ರ.

ಈಗ ಇದೇ ವಿಮಾನವನ್ನು 5000 ಅಡಿಗೆ ಒಯ್ಯಿರಿ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3 ಶೇಕಡಾ ಪವರ್ ಕಳೆದುಕೊಳ್ಳುತ್ತದೆ. 180 ಇದ್ದದ್ದು 153 ಆಯಿತು. ಮೀಟರ್ 90 ನಾಟ್ ತೋರಿಸಿದರೂ ತೆಳು ಗಾಳಿಯಲ್ಲಿ ನಿಜವಾದ ವೇಗ 97. ಹಾಗಾಗಿ 45 ಡಿಗ್ರಿ ತಿರುವಿಗೆ ಬೇಕಾದ 142 ಕೂಡ ಏರಿ 153 ಆಯಿತು. ಇರುವುದೂ ಅಷ್ಟೇ, ಬೇಕಾದದ್ದೂ ಅಷ್ಟೇ. ಪವರ್ ಏರಿಸಿ ಇಳಿಸುವ ಹಿಡಿ, ಅಂದರೆ ಥ್ರಾಟಲ್, ಪೂರ್ತಿ ಮುಂದೆ ಇಟ್ಟರೂ ಕೈಯಲ್ಲಿ ಒಂದು ಎಚ್‌ಪಿ ಮಿಕ್ಕಿಲ್ಲ.

ಎತ್ತರ ತೋರಿಸುವ ಆಲ್ಟಿಮೀಟರ್ 5000 ತೋರಿಸಬೇಕು ಅಂತೇನೂ ಇಲ್ಲ. 3000 ಅಡಿಯಲ್ಲಿ ಹೊರಗಿನ ತಾಪ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಎಂಜಿನ್ ಪಾಲಿಗೆ ಅದು 5000 ಅಡಿಯೇ. ಚಳಿಗಾಲದಲ್ಲಿ ಚೆನ್ನಾಗಿದ್ದ ವಿಮಾನ ಬೇಸಿಗೆಯಲ್ಲಿ "ಹಾಳಾಗುವುದು" ಹೆಚ್ಚಾಗಿ ಹೀಗೆ. ದೂರು ಬಂದಾಗ ನಾನು ಮೊದಲು ಕೇಳುವುದು ಆ ದಿನ ಸೆಕೆ ಎಷ್ಟಿತ್ತು, ವಿಮಾನದಲ್ಲಿ ಎಷ್ಟು ಜನ ಇದ್ದರು ಅಂತ. ಎಂಜಿನ್ ವಿಷಯ ಆಮೇಲೆ.

ಕೈ ತಪ್ಪೂ ಎಂಜಿನ್ ತಪ್ಪೂ ಒಂದೇ ಥರ ಕಾಣುತ್ತವೆ

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ.

ಎಂಜಿನ್ ನಿಜವಾಗಿಯೂ 12 ಎಚ್‌ಪಿ ಕಮ್ಮಿ ಕೊಡುತ್ತಿದೆ ಅಂದುಕೊಳ್ಳಿ. ಮೇಲೆ ಹೇಳಿದ 5000 ಅಡಿಯ 45 ಡಿಗ್ರಿ ತಿರುವಿನಲ್ಲಿ ವಿಮಾನ ನಿಮಿಷಕ್ಕೆ ಸುಮಾರು 120 ಅಡಿ ಕುಸಿಯುತ್ತದೆ. ಒಂದು ಪೂರ್ತಿ ಸುತ್ತಿಗೆ 32 ಸೆಕೆಂಡ್ ಬೇಕು. ಸುತ್ತು ಮುಗಿಯುವಾಗ 65 ಅಡಿ ಹೋಗಿರುತ್ತದೆ.

ಈಗ ಎಂಜಿನ್ ಸರಿ ಇದೆ, ಪೈಲಟ್ 45ರ ಬದಲು 50 ಡಿಗ್ರಿ ಓರೆ ಮಾಡಿದ್ದಾರೆ ಅಂದುಕೊಳ್ಳಿ. ಬರೀ 5 ಡಿಗ್ರಿ. ಅದಕ್ಕೆ ಬೇಕಾಗುವ ಹೆಚ್ಚಿನ ಪವರ್ ಸುಮಾರು 14 ಎಚ್‌ಪಿ. ಕುಸಿತ ಹೆಚ್ಚುಕಮ್ಮಿ ಅಷ್ಟೇ. ಸೀಟಿನಲ್ಲಿ ಕೂತವರಿಗೆ ಇವೆರಡರ ನಡುವೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಅದೇ ಆಲ್ಟಿಮೀಟರ್ ಇಳಿತ, ಅದೇ ಎಂಜಿನ್ ಸದ್ದು, ಅದೇ ಬೇಜಾರು.

5 ಡಿಗ್ರಿ ಜಾರುವುದು ಕಷ್ಟವೂ ಅಲ್ಲ. ಕಡಿದಾದ ತಿರುವಿನಲ್ಲಿ ಹೊರಗಿನ ರೆಕ್ಕೆ ಒಳಗಿನದಕ್ಕಿಂತ ಬೇಗ ಓಡುತ್ತದೆ, ಅದಕ್ಕೆ ಲಿಫ್ಟ್ ಜಾಸ್ತಿ. ಹಾಗಾಗಿ ವಿಮಾನ ತಾನಾಗಿಯೇ ಇನ್ನಷ್ಟು ಓರೆಯಾಗಲು ನೋಡುತ್ತದೆ. ಕಣ್ಣು ಆಲ್ಟಿಮೀಟರ್ ಮೇಲೆ ಇದ್ದರೆ 45 ಯಾವಾಗ 50 ಆಯಿತು ಅಂತ ತಿಳಿಯುವುದೇ ಇಲ್ಲ. ಅಮೆರಿಕದ ಖಾಸಗಿ ಪೈಲಟ್ ಪರೀಕ್ಷೆಯಲ್ಲಿ ಕಡಿದಾದ ತಿರುವಿಗೆ 45 ಡಿಗ್ರಿ, ಅದರಲ್ಲಿ 5 ಡಿಗ್ರಿ ಆಚೀಚೆ, 100 ಅಡಿ, 10 ನಾಟ್ ವಿನಾಯಿತಿ ಇದೆ. ನಾವು ಮಾತಾಡುತ್ತಿರುವ 65 ಅಡಿ ಆ ವಿನಾಯಿತಿಯ ಒಳಗೇ ಬರುತ್ತದೆ. ಅಂದರೆ ಪರೀಕ್ಷೆ ಪಾಸಾಗುವಷ್ಟು ಚೆನ್ನಾಗಿ ಹಾರಿಸುವವರೂ ತಿರುವು ನೋಡಿ ಎಂಜಿನ್ ಕಾಯಿಲೆ ಹೇಳಲಾರರು.

ಪವರ್ ಕೊಟ್ಟರೆ ತಿರುವು ಚಿಕ್ಕದಾಗುತ್ತದಾ?

ಈ ತಪ್ಪು ತಿಳಿವಳಿಕೆಯಿಂದಲೂ ದೂರುಗಳು ಹುಟ್ಟುತ್ತವೆ. ತಿರುವಿನ ಅಗಲವನ್ನು ತೀರ್ಮಾನಿಸುವುದು ಎರಡೇ: ವೇಗ ಮತ್ತು ಓರೆ. 100 ನಾಟ್, 45 ಡಿಗ್ರಿ ಅಂದರೆ ತ್ರಿಜ್ಯ 270 ಮೀಟರ್. ಎಂಜಿನ್ 100 ಎಚ್‌ಪಿ ಇರಲಿ, 1000 ಇರಲಿ, ಅಷ್ಟೇ. ಪವರ್ ಇದ್ದರೆ ಆ ವೇಗದಲ್ಲಿ ಆ ಓರೆಯನ್ನು ಎತ್ತರ ಬಿಡದೆ ಹಿಡಿದುಕೊಳ್ಳಬಹುದು. ಅದರ ಪಾತ್ರ ಅಲ್ಲಿಗೆ ಮುಗಿಯಿತು. ಒಂದು ಕ್ಷಣಕ್ಕೆ ಗಕ್ಕನೆ ತಿರುಗಿಸುವುದು ರೆಕ್ಕೆಯ ಸಾಮರ್ಥ್ಯ, ಸುತ್ತಿನ ಮೇಲೆ ಸುತ್ತು ತಿರುಗುತ್ತಲೇ ಇರುವುದು ಎಂಜಿನ್ ಸಾಮರ್ಥ್ಯ.

ಹಾಗಾಗಿ ಸುಮ್ನೆ ಥ್ರಾಟಲ್ ಒತ್ತಿದರೆ ತಿರುವು ಬಿಗಿಯಾಗುವ ಬದಲು ಸಡಿಲವೂ ಆಗಬಹುದು. ಓರೆ ಅಷ್ಟೇ ಇದ್ದು ವೇಗ ಏರಿದರೆ ತ್ರಿಜ್ಯ ವೇಗದ ವರ್ಗದಂತೆ ಬೆಳೆಯುತ್ತದೆ. "ಫುಲ್ ಪವರ್ ಕೊಟ್ಟೆ, ವಿಮಾನ ಅಗಲವಾಗಿ ಹೋಯಿತು" ಅನ್ನುವ ದೂರಿನಲ್ಲಿ ದೋಷವೇ ಇಲ್ಲ. ಪ್ರೊಪೆಲ್ಲರ್ ವಿಮಾನಕ್ಕೆ ನಿಧಾನ ವೇಗದಲ್ಲಿ ತಳ್ಳುವ ಬಲ ಜಾಸ್ತಿ ಸಿಗುತ್ತದೆ, ಯಾಕೆಂದರೆ ಅದೇ ಪವರ್ ಕಮ್ಮಿ ವೇಗಕ್ಕೆ ಹಂಚಿಹೋಗುತ್ತದೆ. ಅದಕ್ಕೇ ಇವು ಚೆನ್ನಾಗಿ ತಿರುಗುವುದು ಮಧ್ಯಮ ವೇಗದಲ್ಲಿ, ಓಡುವಾಗ ಅಲ್ಲ.

ತಿರುವು ಬಿಡಿ, ನೇರ ಏರಿಸಿ

ದೋಷ ಹುಡುಕುವ ಮೊದಲ ಹೆಜ್ಜೆ ಇದು. ರೆಕ್ಕೆ ಸಮ, ಬಾಲ್ (ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಮೀಟರ್‌ನ ಗುಂಡು) ನಡುವೆ, ಥ್ರಾಟಲ್ ಪೂರ್ತಿ, ಮಿಕ್ಸ್ಚರ್ (ಗಾಳಿ, ಇಂಧನದ ಬೆರಕೆ) ಕೈಪಿಡಿ ಹೇಳಿದ ಹಾಗೆ. ಕೈಪಿಡಿಯ ಏರಿಕೆ ವೇಗ ಹಿಡಿದು 2000ದಿಂದ 3000 ಅಡಿಗೆ ಏರಿ, ಸ್ಟಾಪ್‌ವಾಚ್ ಒತ್ತಿ. ಅಲುಗಾಟವಿಲ್ಲದ ಗಾಳಿ ಬೇಕು, ಬೆಳಗಿನ ಹೊತ್ತು ಒಳ್ಳೆಯದು. ಎರಡು ಬೇರೆ ದಿಕ್ಕಿನಲ್ಲಿ ಏರಿ ಸರಾಸರಿ ತೆಗೆಯಿರಿ. ಆ ದಿನದ ತೂಕ, ತಾಪಕ್ಕೆ ಕೈಪಿಡಿಯ ಕೋಷ್ಟಕ ಏನು ಹೇಳುತ್ತದೆ ನೋಡಿ.

ಕೋಷ್ಟಕ ನಿಮಿಷಕ್ಕೆ 600 ಅಡಿ ಅಂದರೆ 1000 ಅಡಿಗೆ 100 ಸೆಕೆಂಡ್. ನಿಮಗೆ 125 ಸೆಕೆಂಡ್ ಹಿಡಿಯಿತು ಅಂದರೆ ನಿಮಿಷಕ್ಕೆ 480. ಕೊರತೆ 120 ಅಡಿ. ನಮ್ಮ 1100 ಕೆಜಿ ವಿಮಾನದಲ್ಲಿ ಅದು ಸುಮಾರು 12 ಎಚ್‌ಪಿಗೆ ಸಮ. ಇಲ್ಲಿ ಓರೆ ಇಲ್ಲ, ಹಾಗಾಗಿ ಓರೆಯ ತಪ್ಪೂ ಇಲ್ಲ. ಬೇಕಾದದ್ದು, ಸಿಕ್ಕಿದ್ದು ಬೇರೆ ಬೇರೆಯಾಗಿ ನಿಲ್ಲುತ್ತವೆ. ಅಂಕಿ ಕೈಪಿಡಿಗೆ ಹತ್ತಿರ ಬಂದರೆ ಕೌಲಿಂಗ್ ಮುಟ್ಟಬೇಡಿ, ಇನ್ನೊಬ್ಬ ಪೈಲಟ್ ಕೂರಿಸಿ ತಿರುವು ನೋಡಿ. ದೂರ ಇದ್ದರೆ ಮಾತ್ರ ಎಂಜಿನ್ ಕಡೆ ಹೋಗಿ.

ಎಡಕ್ಕೆ ಸರಿ, ಬಲಕ್ಕೆ ಇಲ್ಲ

ಒಂದು ಕಡೆಗೆ ಮಾತ್ರ ತೊಂದರೆ ಅಂದರೆ ಎಂಜಿನ್ ಮೇಲೆ ಅನುಮಾನ ಬೇಡ. ಎಂಜಿನ್‌ಗೆ ಎಡ ಬಲ ಗೊತ್ತಿಲ್ಲ, ಪೈಲಟ್ ಕಾಲಿಗೆ ಗೊತ್ತು. ಸೀಟಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗುವ ವಿಮಾನದಲ್ಲಿ, ಪವರ್ ಜಾಸ್ತಿ ಇದ್ದು ಮೂತಿ ಮೇಲಿದ್ದಾಗ ಮೂತಿ ಎಡಕ್ಕೆ ಎಳೆಯುತ್ತದೆ. ಬಲ ತಿರುವಿನಲ್ಲಿ ಥ್ರಾಟಲ್ ಒತ್ತಿ ಬಲಗಾಲು ಒತ್ತದಿದ್ದರೆ ಬಾಲ್ ಒಳಕ್ಕೆ ಜಾರುತ್ತದೆ, ವಿಮಾನ ಪಕ್ಕೆಯಿಂದ ಗಾಳಿ ಸೀಳಿಕೊಂಡು ಹೋಗುತ್ತದೆ. ಆ ಡ್ರ್ಯಾಗ್‌ನ ಬಿಲ್ ಎಂಜಿನ್‌ಗೆ ಬರುತ್ತದೆ. ಬಾಲ್ ನಡುವಿಗೆ ತಂದು ಮತ್ತೆ ನೋಡಿ. ಬಾಲ್ ನಡುವೆ ಇದ್ದೂ ವ್ಯತ್ಯಾಸ ಉಳಿದರೆ ರೆಕ್ಕೆಯ ಹಿಂಬದಿಯ ಮಡಿಕೆಗಳಾದ ಫ್ಲ್ಯಾಪ್, ಐಲೆರಾನ್ ಜೋಡಣೆ ಪರೀಕ್ಷಿಸಿ.

ಗೈರೋ ಪರಿಣಾಮದ (ಗಿರಗಿರ ತಿರುಗುವ ವಸ್ತುವನ್ನು ಓರೆ ಮಾಡಲು ಹೋದರೆ ಅದು ಬೇರೆ ದಿಕ್ಕಿಗೆ ವಾಲುವುದು) ಹೆಸರು ಹೇಳುವವರೂ ಇದ್ದಾರೆ. ಅದು ಇದೆ, ಆದರೆ ಇಂದಿನ ಸಣ್ಣ ವಿಮಾನದ ನಿಧಾನ ತಿರುವಿನಲ್ಲಿ ತುಂಬಾ ಚಿಕ್ಕದು. 1917ರ ಯುದ್ಧವಿಮಾನ ಸಾಪ್‌ವಿತ್ ಕ್ಯಾಮಲ್ ಬೇರೆ ಕಥೆ. ಅದರ ರೋಟರಿ ಎಂಜಿನ್‌ನಲ್ಲಿ ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತಿದ್ದವು. ಬಲಕ್ಕೆ ತಿರುಗಿದರೆ ಮೂತಿ ಕೆಳಕ್ಕೆ, ಎಡಕ್ಕೆ ತಿರುಗಿದರೆ ಮೇಲಕ್ಕೆ. ನಿಮ್ಮ ವಿಮಾನ ಹಾಗೆ ಮಾಡುತ್ತಿದ್ದರೆ ಕಾರಣ ಗೈರೋ ಅಲ್ಲ, ಕಾಲು.

ಒಂದು ಅಪವಾದ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಕಡೆ ತಿರುಗಿದಾಗ ಎಂಜಿನ್ ಕೆಮ್ಮಿದರೆ, ತಡೆದು ತಡೆದು ಓಡಿದರೆ, ಇಂಧನ ನೋಡಿ. ಬಾಲ್ ನಡುವೆ ಇದ್ದರೆ ಟ್ಯಾಂಕಿನ ಇಂಧನ ನೇರ ಹಾರಾಟದಲ್ಲಿ ಇದ್ದ ಹಾಗೇ ತಳದಲ್ಲಿ ಕೂತಿರುತ್ತದೆ. ವಿಮಾನ ಪಕ್ಕಕ್ಕೆ ಜಾರಿದರೆ ಇಂಧನವೂ ಜಾರುತ್ತದೆ. ಟ್ಯಾಂಕ್ ಖಾಲಿಯ ಹತ್ತಿರ ಇದ್ದರೆ ಪೈಪಿನ ಬಾಯಿ ಗಾಳಿ ಹೀರುತ್ತದೆ.

ಆರ್‌ಪಿಎಂ ಇಳಿಯಿತು ಅಂದರೆ?

ಫಿಕ್ಸೆಡ್ ಪಿಚ್ ಪ್ರೊಪೆಲ್ಲರ್ (ಬ್ಲೇಡ್‌ನ ಓರೆ, ಅಂದರೆ ಪಿಚ್, ಬದಲಾಗದ್ದು) ಇದ್ದರೆ, ತಿರುವಿನಲ್ಲಿ ವೇಗ ಬಿದ್ದಂತೆ ಆರ್‌ಪಿಎಂ ಬೀಳುವುದು ಸಹಜ. ನಿಧಾನ ಗಾಳಿಯಲ್ಲಿ ಬ್ಲೇಡ್‌ಗೆ ಹೊರೆ ಜಾಸ್ತಿ. ಆರ್‌ಪಿಎಂ ಬಿದ್ದರೆ ಪವರ್ ಇನ್ನೂ ಕಮ್ಮಿ, ಹಾಗೆ ಒಂದಕ್ಕೊಂದು ಕೆಳಕ್ಕೆ ಎಳೆಯುತ್ತವೆ. ಆದರೆ ವೇಗ ಬೀಳುವ ಮೊದಲೇ ಆರ್‌ಪಿಎಂ ಬಿದ್ದರೆ ಥ್ರಾಟಲ್ ಜಾರದಂತೆ ಹಿಡಿಯುವ ಫ್ರಿಕ್ಷನ್ ನಟ್ ನೋಡಿ. ಅದು ಸಡಿಲವಿದ್ದರೆ, ಪೈಲಟ್ ಟ್ರಿಮ್ ಮುಟ್ಟಲು ಕೈ ತೆಗೆದಾಗ ಥ್ರಾಟಲ್ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಬಿಗಿ ಮಾಡಲು ಎರಡು ಸೆಕೆಂಡ್ ಸಾಕು. ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್‌ನಲ್ಲಿ ಗವರ್ನರ್ ಅನ್ನುವ ಭಾಗ ಪಿಚ್ ಬದಲಿಸಿ ಆರ್‌ಪಿಎಂ ಹಿಡಿದಿಡುತ್ತದೆ, ಹಾಗಾಗಿ ಅದು ಅಲ್ಲಾಡಬಾರದು. ಅಲ್ಲಾಡಿದರೆ ಗವರ್ನರ್ ಕಡೆ ಹೋಗಿ. ಅಲ್ಲಿ ಪವರ್ ಇಳಿತ ಕಾಣುವುದು ಮ್ಯಾನಿಫೋಲ್ಡ್ ಪ್ರೆಶರ್‌ನಲ್ಲಿ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ), ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್‌ನಲ್ಲಿ ಅಲ್ಲ.

ಎತ್ತರ ಉಳಿಸಲು ಸ್ಟಿಕ್ ಎಳೆಯುತ್ತಾ ಹೋಗುವ ಚಟ

ಹುಡುಕಾಟ ನಿಲ್ಲಿಸಿ ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಜೀವದ ವಿಷಯ. ಪವರ್ ಕೊರತೆ ಇದ್ದಾಗ ವಿಮಾನ ಎತ್ತರದಿಂದಲೋ ವೇಗದಿಂದಲೋ ಸಾಲ ತೀರಿಸುತ್ತದೆ. ಸ್ಟಿಕ್ ಎಳೆದು ಎತ್ತರ ಹಿಡಿದರೆ ವೇಗ ಹೋಗುತ್ತದೆ. ನಮ್ಮ ವಿಮಾನಕ್ಕೆ 60 ಡಿಗ್ರಿಯಲ್ಲಿ 90 ನಾಟ್‌ಗೆ 202 ಎಚ್‌ಪಿ ಬೇಕಿತ್ತು. 80 ನಾಟ್‌ಗೆ ಇಳಿದರೂ 193 ಬೇಕು. 60 ಡಿಗ್ರಿಯಲ್ಲಿ ಸ್ಟಾಲ್ ವೇಗ 50 ಅಲ್ಲ, 71. ವೇಗ ಎಲ್ಲೂ 180 ಎಚ್‌ಪಿಗೆ ಸರಿಹೊಂದಿ ನಿಲ್ಲುವುದಿಲ್ಲ, ನೇರ ಸ್ಟಾಲ್‌ಗೆ ಹೋಗುತ್ತದೆ. 45 ಡಿಗ್ರಿಯಲ್ಲೂ ನೇರ ಹಾರಾಟದ 112 ಎಚ್‌ಪಿಯಲ್ಲೇ ಥ್ರಾಟಲ್ ಬಿಟ್ಟು ಎಳೆಯುತ್ತಾ ಹೋದರೆ ವೇಗ 65ರ ಆಸುಪಾಸಿಗೆ ಬರುತ್ತದೆ. ಆಗ ಸ್ಟಾಲ್ 60ರ ಹತ್ತಿರ ಕಾದಿರುತ್ತದೆ.

ಮೂತಿ ಕುಸಿದು ವೇಗ ಏರತೊಡಗಿದರೆ ಎಳೆಯಬೇಡಿ, ಪವರ್ ಕೊಡಬೇಡಿ. ಸುರುಳಿ ಇನ್ನೂ ಬಿಗಿಯಾಗುತ್ತದೆ. ಥ್ರಾಟಲ್ ಹಿಂದಕ್ಕೆ, ರೆಕ್ಕೆ ಸಮ, ಆಮೇಲೆ ಮೂತಿ ಮೇಲಕ್ಕೆ. ಈ ಪರೀಕ್ಷೆಗಳನ್ನೆಲ್ಲ ಸಾಕಷ್ಟು ಎತ್ತರದಲ್ಲಿ, ಕಲಿಸುವವರು ಪಕ್ಕದಲ್ಲಿದ್ದಾಗ ಮಾಡಿ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ಅಲ್ಲವೇ ಅಲ್ಲ.

ನೆಲದ ಮೇಲೆ

ಏರಿಕೆಯಲ್ಲಿ ಕೊರತೆ ಸಿಕ್ಕಿತು ಅಂದರೆ ಮುಂದಿನದು ಸ್ಟ್ಯಾಟಿಕ್ ಆರ್‌ಪಿಎಂ, ಅಂದರೆ ವಿಮಾನ ನಿಂತಲ್ಲೇ ಬರುವ ಆರ್‌ಪಿಎಂ. ಗಾಳಿ ಇಲ್ಲದಾಗ ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್. ಕೆಳಗೆ ಜಲ್ಲಿ ಇರಬಾರದು, ಬ್ಲೇಡ್ ಹೋಗುತ್ತದೆ. ಫಿಕ್ಸೆಡ್ ಪಿಚ್ ವಿಮಾನದ ಕಾಗದಪತ್ರದಲ್ಲಿ ಇದಕ್ಕೊಂದು ಮಿತಿ ಕೊಟ್ಟಿರುತ್ತಾರೆ. ಅಂಕಿ ಕಮ್ಮಿ ಬಂದರೆ ಮೂರು ಸಾಧ್ಯತೆ: ಎಂಜಿನ್ ಬಡವಾಗಿದೆ, ಪ್ರೊಪೆಲ್ಲರ್ ಪಿಚ್ ದಪ್ಪ ಇದೆ (ಬ್ಲೇಡ್ ಹೆಚ್ಚು ಓರೆ), ಇಲ್ಲ ಟ್ಯಾಕೋಮೀಟರ್ ಸುಳ್ಳು ಹೇಳುತ್ತಿದೆ. ಮೂರನೆಯದನ್ನು ಮೊದಲು ನೋಡಿ, ಅದು ಅಗ್ಗ. ಬೆಳಕಿನಿಂದ ಅಳೆಯುವ ಟ್ಯಾಕೋಮೀಟರನ್ನು ಬ್ಲೇಡ್ ಕಡೆ ಹಿಡಿಯಿರಿ. ಬ್ಲೇಡ್ ಸಂಖ್ಯೆ ಸರಿಯಾಗಿ ಹಾಕಿದ್ದೀರಾ ನೋಡಿಕೊಳ್ಳಿ. ಹ್ಯಾಂಗರ್ ಟ್ಯೂಬ್‌ಲೈಟ್ ಎದುರಿಗಿದ್ದರೆ ಅದು ಪ್ರೊಪೆಲ್ಲರ್ ಬಿಟ್ಟು ಟ್ಯೂಬ್‌ಲೈಟ್ ಮಿಣುಕು ಎಣಿಸುತ್ತದೆ!

ಪ್ರೊಪೆಲ್ಲರ್ ಇತ್ತೀಚೆಗೆ ಬದಲಾಗಿದೆಯಾ, ರಿಪೇರಿಗೆ ಹೋಗಿ ಬಂದಿದೆಯಾ? ಲಾಗ್‌ಬುಕ್ ತಿರುವಿ ಹಾಕಿ. ದೂರ ಓಡಲು ಅಂತ ಮಾಡಿದ ದಪ್ಪ ಪಿಚ್ ಪ್ರೊಪೆಲ್ಲರ್ ಏರಿಕೆಯಲ್ಲೂ ತಿರುವಿನಲ್ಲೂ ಮಂಕಾಗಿರುತ್ತದೆ. ಅದು ದೋಷವಲ್ಲ, ಆಯ್ಕೆ.

ಎಂಜಿನ್ ಒಳಗೆ ಹೋಗುವ ಮುಂಚೆ ಏರ್ ಫಿಲ್ಟರ್, ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ, ಥ್ರಾಟಲ್ ಪೂರ್ತಿ ತೆರೆಯುತ್ತದಾ ಅನ್ನುವುದನ್ನು ನೋಡಿ. ಮಫ್ಲರ್ ಒಳಗಿನ ತಗಡು ಮುರಿದು ಬಾಯಿಗೆ ಅಡ್ಡ ಬಿದ್ದರೆ ಪವರ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ತಟ್ಟಿ ನೋಡಿ, ಗಲಗಲ ಅನ್ನಬಹುದು. ಕಂಪ್ರೆಶನ್ ಚೆನ್ನಾಗಿದೆ ಅಂತ ಎಂಜಿನ್‌ಗೆ ಕ್ಲೀನ್ ಚಿಟ್ ಕೊಡಬೇಡಿ. ಆ ಪರೀಕ್ಷೆ ರಿಂಗ್, ವಾಲ್ವ್ ಸೋರುತ್ತವಾ ಅಂತ ಮಾತ್ರ ಹೇಳುತ್ತದೆ. ಕ್ಯಾಮ್‌ಶಾಫ್ಟ್ ಉಬ್ಬು ಸವೆದು ವಾಲ್ವ್ ಅರ್ಧ ತೆರೆಯುತ್ತಿದ್ದರೂ ಆ ಪರೀಕ್ಷೆಯಲ್ಲಿ 80ಕ್ಕೆ 75 ಬರುತ್ತದೆ, ಅಂದರೆ ಪಾಸ್. ವಾಲ್ವ್ ಎಷ್ಟು ಎದ್ದೇಳುತ್ತದೆ ಅಂತ ಡಯಲ್ ಗೇಜ್ ಇಟ್ಟು ಅಳೆದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಕಾರ್ಬ್ಯುರೇಟರ್ (ಗಾಳಿಗೆ ಇಂಧನ ಬೆರೆಸುವ ಭಾಗ) ಇದ್ದ ಎಂಜಿನ್‌ಗಳಲ್ಲಿ ಐಸ್ ಮರೆಯಬೇಡಿ. ಹೊರಗೆ 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಇದ್ದರೆ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೆ ಬಿಸಿ ಗಾಳಿ ಬಿಡುವ ಗುಂಡಿ, ಅಂದರೆ ಕಾರ್ಬ್ ಹೀಟ್, ಎಳೆದಾಗ ಎಂಜಿನ್ ಮೊದಲು ಇನ್ನಷ್ಟು ಒರಟಾಗಿ, ಆಮೇಲೆ ಆರ್‌ಪಿಎಂ ಏರಿದರೆ ಐಸ್ ಇತ್ತು ಅಂತ ಅರ್ಥ.

ನಮ್ಮ ವಿಮಾನದ ಕಥೆ ಇಲ್ಲೇ ಇತ್ತು, ಆದರೆ ಐಸ್ ಅಲ್ಲ. ಮೂರನೇ ದೂರು ಬರೆಯುವ ಮುಂಚೆ ನಾನು ನೇರ ಏರಿಕೆ ಅಳೆದೆ. 100 ಸೆಕೆಂಡ್ ಆಗಬೇಕಾದಲ್ಲಿ 124. ಸ್ಟ್ಯಾಟಿಕ್ 2300ರಿಂದ 2400ರ ನಡುವೆ ಬರಬೇಕು, ಬಂದದ್ದು 2250. ಆಮೇಲೆ ಹಳೆಯ ರನ್‌ಅಪ್ (ಹಾರುವ ಮುಂಚಿನ ಎಂಜಿನ್ ಪರೀಕ್ಷೆ) ಟಿಪ್ಪಣಿ ನೋಡಿದೆ. ಕಾರ್ಬ್ ಹೀಟ್ ಎಳೆದಾಗ ಮೊದಲೆಲ್ಲ 100 ಆರ್‌ಪಿಎಂ ಇಳಿಯುತ್ತಿತ್ತು. ಈಗ ಬರೀ 40. ಇಳಿತ ಕಮ್ಮಿಯಾಗಿದ್ದನ್ನು ನಾವೆಲ್ಲ ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆವು! ಗುಂಡಿ ಒಳಗಿದ್ದಾಗಲೂ ಬಿಸಿ ಗಾಳಿ ಅರ್ಧ ಬರುತ್ತಲೇ ಇದ್ದರೆ, ಎಳೆದಾಗ ಇಳಿಯಲು ಉಳಿದದ್ದೇ ಅಷ್ಟು, ಅಲ್ವಾ?

ದೂರಿನ ಪುಸ್ತಕದಲ್ಲಿ ಆ ಸಲ ಹೀಗೆ ಬರೆದೆ: "ತೂಕ 1050 ಕೆಜಿ, ತಾಪ 22 ಡಿಗ್ರಿ. 2000–3000 ಅಡಿ ನೇರ ಏರಿಕೆ 124 ಸೆಕೆಂಡ್, ಕೈಪಿಡಿ 100. ಸ್ಟ್ಯಾಟಿಕ್ 2250, ಎರಡು ಟ್ಯಾಕೋಮೀಟರ್‌ನಲ್ಲೂ ಅದೇ. ಕಾರ್ಬ್ ಹೀಟ್ ಇಳಿತ 40, ಮೊದಲು 100. ತಿರುವು ಎಡ ಬಲ ಎರಡೂ ಒಂದೇ ಥರ." ಮೆಕ್ಯಾನಿಕ್ ಓದಿದ. ಪ್ಲಗ್ ಮುಟ್ಟಲಿಲ್ಲ, ನೇರ ಕಾರ್ಬ್ ಹೀಟ್ ಪೆಟ್ಟಿಗೆಗೆ ಕೈ ಹಾಕಿದ. ಕೇಬಲ್ ಹೊರಕವಚ ಹಿಡಿಯುವ ಕ್ಲಾಂಪ್ ಸಡಿಲವಾಗಿ ಜಾರಿತ್ತು, ಒಳಗಿನ ಬಾಗಿಲು ಬೆರಳು ತೂರುವಷ್ಟು ತೆರೆದೇ ಇತ್ತು. ಸ್ಕ್ರೂ ಬಿಗಿದು ಕೇಬಲ್ ಸರಿಮಾಡಿದ. ಮರುದಿನ ಸ್ಟ್ಯಾಟಿಕ್ 2340, ಏರಿಕೆ 101 ಸೆಕೆಂಡ್. ತಿರುವು ಪರೀಕ್ಷಿಸಲು ಹೋದಾಗ ಮಾತ್ರ ನಾನೇ ಓರೆಯನ್ನು 50ಕ್ಕೆ ಜಾರಲು ಬಿಟ್ಟು 70 ಅಡಿ ಕಳೆದುಕೊಂಡೆ.